ಎರಡನೇ ನಂಬರಿನ ಮಗ್ಗ

ಮಾಳಗಿ ಮ್ಯಾಲಿನ ಖೋಲಿ ಬಾಡಗಿಗೆ ಹಿಡದಾಂವ
ಅಫಘಾನಿಸ್ತಾನದ ಹುಡುಗ. ಹೆಸರು ಝಲ್ಮೈ.
ವಡಗಾಂವದ ನಾಲಿಗಿ ಎರಡ ದಿನದಾಗ
ಅವನ್ನ ಜಲ್ಮಯ್ಯ ಮಾಡಿ ಮುಗಿಸ್ತು.
ಮೂರನೇ ದಿನ ಕಿರಾಣಿ ಅಂಗಡಿ ಉದ್ರಿ ವಹಿಯೊಳಗ
"ಜಲ್ಮಯ್ಯ, ಸಕ್ಕರಿ, ಅರ್ಧ ಕಿಲೋ."

ಆಂವಗ ನಾ ಕಾಕೂ.
ಕೆಳಗ ನನ್ನ ನಾಕು ಪಾವರಲೂಮು,
ಮ್ಯಾಲೆ ಅವನ ಫೋನು.
ಮುಂಜಾನೆ ಏಳಕ್ಕ ಎರಡೂ ಚಾಲೂ.

ದಿನಾ ಅದ ಒಂದ ಹಾಡು. ಜರ್ಮನ್ಯಾಗ ಯಾರೋ
ಹೊಸದಾಗಿ ಮಾಡ್ಯಾರಂತ. ಢಮ್ ಢಮ್ ಢಮ್ ಢಮ್,
ಕರೆಂಟು ಎದಿ ಎದಿ ಬಡಕೊಂಡಂಗ.
"ನಮ್ಮಜ್ಜಿ ಹಾಡು ಕಾಕೂ" ಅಂದ, ಹರಕು ಹಿಂದಿಯೊಳಗ,
"ದಾಳಿಂಬ್ರಿ ತೋಟದ ಗ್ವಾಡಿ ಹಾರಿದ ಹುಡುಗೀದು.
ಮದವಿ ಮನ್ಯಾಗ ಹೆಣ್ಮಕ್ಕಳು ದುಂಡಗ ನಿಂತು ಕುಣೀತಿದ್ರು,
ಕೈಯಾಗ ದಾಯ್ರಾ, ಚರ್ಮ ಬೆಂಕಿಗೆ ಕಾಸಿದ್ದು."
"ಛಲೋ ಐತಲ್ಲೋ."
"ಐತಿ. ಆದ್ರ ಇದ್ರಾಗ ಹುಡುಗಿ ಗ್ವಾಡಿ ಹಾರೂದಿಲ್ಲ.
ಲಿಫ್ಟಿನ್ಯಾಗ ಇಳದು ಬರ್ತಾಳ."

ನಾ ನಗಲಿಲ್ಲ. ಯಾವ ಬಾಯಿಲೆ ನಗಲಿ?
ನಮ್ಮತ್ತಿ ಕೈಮಗ್ಗದಾಗ ತಿಂಗಳಗಟ್ಟಲೆ ಕೂತು
ಎಬ್ಬಿಸಿದ ಗೋಪುರದಂಚು
ಈಗ ಸೂರತ್ತಿನ ಪಾಲಿಸ್ಟರ್ ನೂಲಿನ್ಯಾಗ,
ತೂತು ಹೊಡದ ರಟ್ಟಿನ ಹುಕುಮಿಗೆ
ದಿನಕ್ಕ ಮೂರು ಬೀಳ್ತಾವ.
ಉಟ್ಟಾಕಿ ಫೋಟೋದಾಗ ಚಂದ ಕಾಣ್ತಾಳ.
ಯಾರಿಗೆ ಬ್ಯಾಡಾಗೇತಿ?

ಮಾರ್ಚಿನ ನಡುವ ಎರಡನೇ ನಂಬರ ಕುಂಟಾಕ ಹತ್ತಿತು.
ಕೋಲು ಸವದಿತ್ತೋ, ಪಟ್ಟಾ ಸಡಲಿತ್ತೋ,
ಲಾಳಿ ಒಮ್ಮೆ ತಡಾ ಮಾಡಿ, ಎರಡ ಸಲ ಲಗೂನ ಬಂದು
ಖಟ್ ಟ ಟ, ಖಟ್ ಟ, ಖಟ್ ಟ.

ಜಲ್ಮಯ್ಯ ಬ್ರಶ್ ಬಾಯಾಗ ಇಟ್ಟಗೊಂಡ
ಪಾವಟಣಿಗಿ ಇಳದು ಬಂದ ನಿಂತ.
ಬುರುಗು ಗದ್ದದ ಮ್ಯಾಲೆ ಹರೀತಿತ್ತು, ಒರಸಲಿಲ್ಲ.
ಬೆರಳ ಮಡಚಿ ಎಣಿಸಿದ: ಮೂರು, ಎರಡು, ಎರಡು.
"ಇದ ಕಾಕೂ. ಅವರು ಇಸ್ತ್ರಿ ಹೊಡದು ತಗದದ್ದು ಇದ."

ಏಳು.
ನನಗೇನ ಅದು ಹೊಸಾದಲ್ಲ. ಶ್ರಾವಣದಾಗ
ಪುರಾಣ ಓದೂ ಹಂಪಣ್ಣ ಮಾಸ್ತರು
ತೊಡಿ ತಟ್ಟತಿದ್ರು, ಮೂರು ನಾಕು, ಮೂರು ನಾಕು.
ನಾವು ಸಣ್ಣ ಹುಡುಗ್ಯಾರು ಕಂಬಕ್ಕ ಆತು ತೂಕಡಸ್ತಿದ್ವಿ,
ನಿದ್ದಿನೂ ಏಳರಾಗ ತೂಗತಿತ್ತು.

ಪುಂಡಲೀಕ ಜಾಬರ್ ಪಾನಾ ಹಿಡಕೊಂಡ ಬಂದ.
"ಸೋಮವಾರ ಬಾರೋ."
"ಅಕ್ಕಾರ, ಸೀರಿ ಕೆಡತಾವ್ರಿ."
"ಕೆಡಲಿ."

ಶನಿವಾರ ಅವರ ಹೊಸಾ ವರ್ಷ.
ಕಾಲೇಜಿನ ನಾಕು ಹುಡುಗರು ಬಂದ್ರು,
ದ್ರಾಕ್ಷಿ ಬದಾಮಿ ನೆನಸಿದ ನೀರಿನ ಪಾತೇಲಿ ಹೊತ್ಕೊಂಡು.
ಉಳದ ಮೂರು ಮಗ್ಗ ಬಂದ ಮಾಡಿದೆ.
ಎರಡನೇ ನಂಬರ ಒಂದ, ಕುಂಟಕೋತ ನೆಯ್ಕೋತ.

ಜಲ್ಮಯ್ಯ ಅವ್ವಗ ಫೋನ್ ಹಚ್ಚಿದ. ಆಕಿ ಬಘ್ಲಾನದಾಗ
ಅಡಗಿಮನಿ ಬಾಗಲಾ ಹಾಕಿ, ಕಿಡಕಿಗೆ ಕೌದಿ ಕಟ್ಟಿ
ಅಜ್ಜಿ ಹಾಡಿನ ಮೂರನೇ ನುಡಿ ಹಾಡಿದ್ಲಂತ,
ಜರ್ಮನಿತನಕ ಹೋಗಿ ಮುಟ್ಟಲಾರದ್ದು.
ನನಗ ಒಂದ ಶಬ್ದ ಕೇಳಲಿಲ್ಲ.
ಹುಡುಗೂರ ಹಿಮ್ಮಡ ತೊಲಿ ಮ್ಯಾಲೆ ಬೀಳೂದು ಕೇಳಿತು.
ಮ್ಯಾಲ್ಮುದ್ದಿ ಮಣ್ಣ ಉದರಿತು ಹಾಸಿನ ಮ್ಯಾಲೆ,
ಝಾಡಿಸಲಿಲ್ಲ.

ಸೋಮವಾರ ಪುಂಡಲೀಕ ಬಂದ, ಬಿಗದ,
ನೂರಾ ಐವತ್ತು ಇಸಕೊಂಡ ಹ್ವಾದ.
ಈಗ ಎರಡನೇ ನಂಬರ ಉಳದವರ ಜೋಡಿ ಶಿಸ್ತಿಲೆ.
ಮ್ಯಾಲೆ ಮತ್ತ ಜರ್ಮನಿ ಹಾಡು. ಕಂಡಿಕಿ ಸುತ್ತೂಮುಂದ
ನಾನೂ ಗುನಗತೀನಿ. ಖರೆ ಹೇಳಬೇಕಂದ್ರ
ಛಲೋನ ಐತಿ.

ಆ ಶನಿವಾರದ ಸೀರಿ ಸಾವುಕಾರ ವಾಪಸ್ ಒಗದ:
"ಅಡ್ಡಗೀರು ಬಿದ್ದಾವ, ಯಾರ ಉಡ್ತಾರ ಇದನ್ನ?"
ಟ್ರಂಕಿನ್ಯಾಗ ಐತಿ.
ಕಣ್ಣಿಗೆ ಅಷ್ಟ ತಿಳಿಯಂಗಿಲ್ಲ.
ಸೆರಗಿನಿಂದ ಬೆರಳ ಎಳಕೋತ ಹೋಗಬೇಕು,
ಕರೆಂಟ ಹೋದಾಗಾದ್ರೂ ನಡದೀತು.